ಮೂವತ್ತು ಮೀಟರ್ ಆಚೆಯ ಪರದೆಗೆ ಲ್ಯಾಪ್‌ಟಾಪಿನ ಚಿತ್ರ ಮುಟ್ಟಿಸುವುದು ಹೇಗೆ?

ಅತಿಥಿಗಳು ಬಂದು ಕುಳಿತಾಗಿದೆ. ಪ್ರಾರ್ಥನೆ ಮುಗಿದಿದೆ. ನಿರೂಪಕಿ ಎರಡನೆಯ ಸಲ ‘ಇನ್ನು ಕೆಲವೇ ಕ್ಷಣಗಳಲ್ಲಿ’ ಎಂದಿದ್ದಾರೆ. ವೇದಿಕೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿದೆ, ಪರದೆಯ ಮೇಲೆ ಮಾತ್ರ ಬರೀ ನೀಲಿ, ಮೂಲೆಯಲ್ಲಿ ‘ನೋ ಸಿಗ್ನಲ್’. ಯಾರೋ ಒಬ್ಬರು ಕೇಬಲ್ಲಿನ ತುದಿಯನ್ನು ಬಿಚ್ಚಿ, ಬಾಯಿಯಿಂದ ಊದಿ, ಮತ್ತೆ ಸಿಕ್ಕಿಸುತ್ತಾರೆ. ಊದಿದರೆ ಹೋಗುವ ಕಾಯಿಲೆ ಇದಲ್ಲ.

ಸಭಾಂಗಣ, ಕಲ್ಯಾಣ ಮಂಟಪಗಳಲ್ಲಿ ಪ್ರೊಜೆಕ್ಟರ್ ಮತ್ತು ದೊಡ್ಡ ಪರದೆ ಕೂರಿಸುವುದು ನನ್ನ ಕೆಲಸ. ದುರಸ್ತಿಗೆ ಕರೆದಾಗ ಹೋಗಿ ನೋಡಿದರೆ ಪ್ರೊಜೆಕ್ಟರ್ ಕೆಟ್ಟಿರುವುದು ಅಪರೂಪ. ದೂರಕ್ಕೆ ತಕ್ಕ ಕೇಬಲ್ ಆರಿಸಿರುವುದಿಲ್ಲ, ಇಲ್ಲವೇ ಮತ್ತೆ ಹೊರಗೆಳೆಯಲಾಗದಂತೆ ಅದನ್ನು ಗೋಡೆಯೊಳಗೆ ಹೂತಿರುತ್ತಾರೆ. ಹೆಚ್ಚಿನ ಸಲ ಎರಡೂ. ಹೊಸದಾಗಿ ಕಟ್ಟಿಸುವವರಿಗೂ ಹಳೆಯದನ್ನು ಸರಿಪಡಿಸುವವರಿಗೂ ನಾನು ಹೇಳುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ದಾರ ಹಿಡಿದು ಅಳೆಯಿರಿ

‘ಇಲ್ಲಿಂದ ಅಲ್ಲಿಗೆ ಹದಿನೆಂಟು ಮೀಟರ್ ಇರಬಹುದು’ ಎಂಬ ಕಣ್ಣಳತೆಯನ್ನು ನಂಬಬೇಡಿ. ಕೇಬಲ್ ಗಾಳಿಯಲ್ಲಿ ನೇರವಾಗಿ ಹಾರಿ ಹೋಗುವುದಿಲ್ಲ. ಭಾಷಣದ ಮೇಜಿನಿಂದ ಕೆಳಗಿಳಿದು, ವೇದಿಕೆಯ ಅಂಚಿನಲ್ಲಿ ಸಾಗಿ, ಪಕ್ಕದ ಗೋಡೆ ಹತ್ತಿ, ಸೂರಿನ ಉದ್ದಕ್ಕೂ ಓಡಿ, ಪ್ರೊಜೆಕ್ಟರಿನ ಸ್ಟ್ಯಾಂಡಿನೊಳಗೆ ಇಳಿಯುತ್ತದೆ. ಒಂದು ಉಂಡೆ ನೂಲಿನ ದಾರವನ್ನು ಅದೇ ದಾರಿಯಲ್ಲಿ ಹಾಯಿಸಿ, ನೆಲದ ಮೇಲೆ ಹಾಸಿ ಅಳೆಯಿರಿ. ಹದಿನೆಂಟು ಎಂದದ್ದು ಇಪ್ಪತ್ತೆಂಟು ಆಗುತ್ತದೆ. ಎರಡೂ ತುದಿಗೆ ಒಂದೊಂದು ಮೀಟರ್ ಸೇರಿಸಿದರೆ ಮೂವತ್ತು. ಈ ವ್ಯತ್ಯಾಸವೇ ಮುಂದಿನ ಎಲ್ಲ ಆಯ್ಕೆಯನ್ನೂ ಬದಲಿಸುತ್ತದೆ.

ಅಳೆಯುವಾಗಲೇ ಪ್ರೊಜೆಕ್ಟರಿನ ಬಳಿ ಎಷ್ಟು ಪ್ಲಗ್ ಪಾಯಿಂಟ್ ಇದೆ ಎಂದು ಕತ್ತೆತ್ತಿ ನೋಡಿ. ಒಂದೇ ಇರುತ್ತದೆ. ನಿಮಗೆ ಎರಡು ಬೇಕಾಗುತ್ತದೆ, ಕಾರಣ ಮುಂದೆ ಬರುತ್ತದೆ. ಎಲೆಕ್ಟ್ರಿಷಿಯನ್ ಏಣಿ ಹಾಕಿಕೊಂಡು ಮೇಲಿರುವಾಗಲೇ ಹೇಳಿಬಿಡಿ.

ಎಷ್ಟು ದೊಡ್ಡ ಚಿತ್ರ ಬೇಕು?

ಪ್ರೊಜೆಕ್ಟರಿನ ಕೈಪಿಡಿಯಲ್ಲಿ ಅದರ ನಿಜವಾದ ರೆಸಲ್ಯೂಷನ್ (ಅಡ್ಡಕ್ಕೂ ಉದ್ದಕ್ಕೂ ಇರುವ ಚುಕ್ಕೆ, ಅಂದರೆ ಪಿಕ್ಸೆಲ್) ಎಷ್ಟು ಎಂದು ಹುಡುಕಿ. ಪೆಟ್ಟಿಗೆಯ ಮೇಲೆ ‘4ಕೆ ಬೆಂಬಲವಿದೆ’ (4ಕೆ ಎಂದರೆ 3840×2160) ಎಂದಿದ್ದರೂ ಒಳಗಿನ ಫಲಕ 1280×800 ಆಗಿರಬಹುದು. ಹಾಗಿದ್ದರೆ 4ಕೆ ಕೇಬಲ್ಲಿಗೆ ಹಣ ಸುರಿಯುವುದು ದಂಡ.

ಇದು ಮುಖ್ಯವಾಗುವುದು ಏಕೆಂದರೆ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ಲಿನೊಳಗೆ ಓಡುವುದು ಚಿತ್ರವಲ್ಲ, ಬಿಟ್ಟುಗಳ ಸಾಲು. 1920×1080 ಗಾತ್ರದ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸಲು, ಅಂಚಿನ ಖಾಲಿ ಜಾಗವೂ ಸೇರಿ, ಸೆಕೆಂಡಿಗೆ 14.85 ಕೋಟಿ ಪಿಕ್ಸೆಲ್ ಹೋಗಬೇಕು. ಕೆಂಪು, ಹಸಿರು, ನೀಲಿಗೆ ಒಂದೊಂದು ಜೋಡಿ ತಂತಿ; ಪ್ರತಿ ಜೋಡಿಯಲ್ಲಿ ಪ್ರತಿ ಪಿಕ್ಸೆಲ್ಲಿಗೆ ಹತ್ತು ಬಿಟ್. ಅಂದರೆ ಒಂದು ಜೋಡಿಯಲ್ಲೇ ಸೆಕೆಂಡಿಗೆ 1.485 ಗಿಗಾಬಿಟ್. ತಾಮ್ರದ ಕೇಬಲ್ಲಿನಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಸಾಗುತ್ತದೆ. ಲೆಕ್ಕ ಹಾಕಿದರೆ ಒಂದೊಂದು ಬಿಟ್ಟಿನ ‘ಉದ್ದ’ 13 ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಒಂದು ಗೇಣಿಗೂ ಕಡಿಮೆ. ಮೂವತ್ತು ಮೀಟರ್ ಕೇಬಲ್ಲಿನೊಳಗೆ ಯಾವುದೇ ಕ್ಷಣದಲ್ಲಿ ಪ್ರತಿ ಜೋಡಿಯಲ್ಲೂ ಇನ್ನೂರಕ್ಕೂ ಹೆಚ್ಚು ಬಿಟ್ಟುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. 60 ಹರ್ಟ್ಸಿನ (ಸೆಕೆಂಡಿಗೆ 60 ಸಲ ಬರುವ) 4ಕೆ ಆದರೆ ಒಂದು ಬಿಟ್ಟು ಮೂರೂವರೆ ಸೆಂಟಿಮೀಟರ್ ಕೂಡ ಇರುವುದಿಲ್ಲ.

ವೇಗ ಹೆಚ್ಚಿದಷ್ಟೂ ತಾಮ್ರ ಹೆಚ್ಚು ನುಂಗುತ್ತದೆ. ಬಿಟ್ಟುಗಳ ಚೂಪಾದ ಅಂಚು ಸವೆದು, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ಒಂದು ಹಂತದವರೆಗೆ ಪ್ರೊಜೆಕ್ಟರ್ ಹೇಗೋ ಓದಿಕೊಳ್ಳುತ್ತದೆ. ಆ ಹಂತ ದಾಟಿದರೆ ಪರದೆಯ ತುಂಬ ಬಿಳಿ ಚುಕ್ಕೆಗಳು ಮಿನುಗತೊಡಗುತ್ತವೆ. ಇನ್ನೂ ಎರಡು ಮೀಟರ್ ಸೇರಿಸಿದರೆ ಚಿತ್ರವೇ ಇಲ್ಲ. ಹಳೆಯ ವಿಜಿಎ ಕೇಬಲ್ ಮುಪ್ಪಾದವರ ಕಣ್ಣಿನಂತೆ ಮೆಲ್ಲಗೆ ಮಂಜಾಗುತ್ತಿತ್ತು. ಎಚ್‌ಡಿಎಂಐ ಹಾಗಲ್ಲ, ಅಂಚಿನವರೆಗೆ ನೆಟ್ಟಗೆ ನಡೆದು ದಿಢೀರನೆ ಬೀಳುತ್ತದೆ. ‘ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ’ ಎಂಬ ದೂರಿನ ಗುಟ್ಟು ಇದು. ನಿನ್ನೆಯೂ ಅದು ಅಂಚಿನಲ್ಲೇ ನಿಂತಿತ್ತು.

ದೂರಕ್ಕೆ ತಕ್ಕ ಕೇಬಲ್

ಎಚ್‌ಡಿಎಂಐ ನಿಯಮಾವಳಿ ಕೇಬಲ್ಲಿಗೆ ಇಷ್ಟೇ ಉದ್ದ ಎಂದು ಗಡಿ ಹಾಕಿಲ್ಲ, ಗುಣಮಟ್ಟವನ್ನಷ್ಟೇ ಕೇಳುತ್ತದೆ. ಹಾಗಾಗಿ ಅಂಗಡಿಯಲ್ಲಿ 30 ಮೀಟರಿನ ಸಾಮಾನ್ಯ ಕೇಬಲ್ಲೂ ಸಿಗುತ್ತದೆ, ಬೆರಳು ಗಾತ್ರ ದಪ್ಪ, ಮೇಲೆ ಹೆಣೆದ ಕವಚ, ಚಿನ್ನದ ಬಣ್ಣದ ತುದಿ. ಕೊಳ್ಳಬೇಡಿ. ನನ್ನ ಅಳತೆಗೋಲು ಹೀಗಿದೆ: 1080ಪಿ (1920×1080) ಚಿತ್ರಕ್ಕೆ ಹತ್ತು ಮೀಟರ್‌ವರೆಗೆ, 60 ಹರ್ಟ್ಸಿನ 4ಕೆಗೆ ಐದು ಮೀಟರ್‌ವರೆಗೆ ಒಳ್ಳೆಯ ಸಾಮಾನ್ಯ ಕೇಬಲ್ ಸಾಕು. ಹದಿನೈದು ಮೀಟರಿನಲ್ಲೂ 1080ಪಿ ಬರುವುದನ್ನು ನೋಡಿದ್ದೇನೆ. ಬೇರೊಂದು ಲ್ಯಾಪ್‌ಟಾಪ್ ತಂದ ದಿನ ಅದೇ ಕೇಬಲ್ಲಿನಲ್ಲಿ ಬಾರದಿರುವುದನ್ನೂ ನೋಡಿದ್ದೇನೆ. ಅದರಾಚೆಗೆ ಮುಖ್ಯವಾಗಿ ಎರಡು ದಾರಿ.

ಒಂದು, ಕ್ಯಾಟ್-6 ಕೇಬಲ್ಲಿನ ಮೇಲೆ ಎಚ್‌ಡಿಬೇಸ್‌ಟಿ ಎಕ್ಸ್‌ಟೆಂಡರ್. ಲ್ಯಾಪ್‌ಟಾಪ್ ಬಳಿ ಒಂದು ಪುಟ್ಟ ಡಬ್ಬಿ, ಪ್ರೊಜೆಕ್ಟರ್ ಬಳಿ ಇನ್ನೊಂದು, ನಡುವೆ ಕಂಪ್ಯೂಟರ್ ಜಾಲಕ್ಕೆ ಬಳಸುವಂಥದೇ ಕೇಬಲ್. ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಮತ್ತು ವ್ಯಾಲೆನ್ಸ್ ಕಂಪನಿಗಳು 2010ರಲ್ಲಿ ಒಟ್ಟುಗೂಡಿ ಹೊರತಂದ ತಂತ್ರಜ್ಞಾನ ಇದು. ಕಡಿಮೆ ಬೆಲೆಯ ವರ್ಗದ ಜೋಡಿ 1080ಪಿ ಚಿತ್ರವನ್ನು 70 ಮೀಟರ್, 4ಕೆ ಚಿತ್ರವನ್ನು 40 ಮೀಟರ್ ಒಯ್ಯುತ್ತದೆ. ಮೇಲ್ವರ್ಗದ್ದು 1080ಪಿಯನ್ನು 100 ಮೀಟರ್‌ವರೆಗೆ ಒಯ್ಯುತ್ತದೆ. ಹಳೆಯ ತಲೆಮಾರಿನವು ಸೆಕೆಂಡಿಗೆ 10.2 ಗಿಗಾಬಿಟ್‌ಗೆ ನಿಲ್ಲುತ್ತವೆ, ಪೂರ್ಣ ಬಣ್ಣದ 60 ಹರ್ಟ್ಸ್ 4ಕೆಗೆ 18 ಬೇಕು, ಅದಕ್ಕೆ 3.0 ಆವೃತ್ತಿ ಕೇಳಿ. ಎರಡನೆಯ ಪ್ಲಗ್ ಪಾಯಿಂಟ್ ಬೇಕೆಂದದ್ದು ಪ್ರೊಜೆಕ್ಟರ್ ಬಳಿಯ ಈ ಡಬ್ಬಿಗಾಗಿ.

ಇಲ್ಲಿ ಮೋಸ ಹೋಗುವುದು ಸುಲಭ. ‘ಕ್ಯಾಟ್-6 ಎಕ್ಸ್‌ಟೆಂಡರ್’ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಅಗ್ಗದ ಡಬ್ಬಿಗಳು ಎಚ್‌ಡಿಬೇಸ್‌ಟಿ ಅಲ್ಲ. ಅವು ಚಿತ್ರವನ್ನು ಹಿಂಡಿ, ಜಾಲದ ಪೊಟ್ಟಣಗಳಾಗಿಸಿ ಕಳುಹಿಸುತ್ತವೆ. ಸಿನಿಮಾ ತೋರಿಸಲು ತೊಂದರೆಯಿಲ್ಲ. ಆದರೆ ಮೌಸ್ ಅಲುಗಿಸಿದರೆ ಪರದೆಯ ಬಾಣ ಅರೆಕ್ಷಣ ತಡವಾಗಿ ಹಿಂಬಾಲಿಸುತ್ತದೆ, ಸಣ್ಣ ಅಕ್ಷರಗಳ ಅಂಚು ಕದಡುತ್ತದೆ. ವೇದಿಕೆಯಲ್ಲಿ ಮಾತನಾಡುವವರ ತುಟಿಯನ್ನು ಪರದೆಯಲ್ಲೂ ತೋರಿಸುವ ಸಭಾಂಗಣಕ್ಕೆ ಅವು ಬೇಡವೇ ಬೇಡ. ಬೇರೆ ಬೇರೆ ಕೋಣೆಗಳ ಹತ್ತು ಪರದೆಗೆ ಒಂದೇ ಚಿತ್ರ ಹಂಚಬೇಕಾದಾಗ ಮಾತ್ರ ಈ ಜಾಲದ ದಾರಿಗೆ ಅರ್ಥವಿದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಎಚ್‌ಡಿಬೇಸ್‌ಟಿ’ ಎಂಬ ಪದ ಇದೆಯೇ ನೋಡಿ.

ಎರಡು, ದ್ಯುತಿತಂತುವಿನ (ಬೆಳಕು ಒಯ್ಯುವ ಫೈಬರ್ ಎಳೆಯ) ಎಚ್‌ಡಿಎಂಐ ಕೇಬಲ್. ಅಂಗಡಿಯವರು ಆಪ್ಟಿಕಲ್ ಎಚ್‌ಡಿಎಂಐ ಎನ್ನುತ್ತಾರೆ. ಎರಡೂ ತುದಿಯ ಪ್ಲಗ್ಗಿನೊಳಗೆ ಚಿಕ್ಕ ಚಿಪ್ ಇರುತ್ತದೆ. ಒಂದು ಕಡೆ ವಿದ್ಯುತ್ತು ಬೆಳಕಾಗುತ್ತದೆ, ಇನ್ನೊಂದು ಕಡೆ ಬೆಳಕು ವಿದ್ಯುತ್ತಾಗುತ್ತದೆ. ತೆಳ್ಳಗೆ, ಹಗುರ, 18 ಗಿಗಾಬಿಟ್ಟನ್ನು ಐವತ್ತು ಮೀಟರ್ ದೂರಕ್ಕೂ ಸಲೀಸಾಗಿ ಒಯ್ಯುತ್ತದೆ, ಬೇರೆ ಡಬ್ಬಿ ಬೇಡ. ಮೂವತ್ತು ಮೀಟರಿಗೆ ಈಗ ನಾನು ಹೆಚ್ಚಾಗಿ ಇದನ್ನೇ ಹಾಕುತ್ತೇನೆ.

ಆದರೆ ಇದಕ್ಕೆ ದಿಕ್ಕಿದೆ. ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದು ಬರೆದಿರುತ್ತದೆ, ಉಗುರಿನಗಲದ ಅಕ್ಷರಗಳಲ್ಲಿ. ಒಂದು ಸಭಾಂಗಣದಲ್ಲಿ ನಮ್ಮ ಹುಡುಗರು ಧೂಳು ಹೋಗದಿರಲಿ ಎಂದು ಎರಡೂ ತುದಿಗೆ ಕಪ್ಪು ಟೇಪು ಸುತ್ತಿ ಎಳೆದರು. ಗಾರೆಯವರು ಪೈಪಿನ ಬಾಯಿ ಮುಚ್ಚಿದರು, ಬಣ್ಣವೂ ಆಯಿತು. ಟೇಪು ಬಿಚ್ಚಿದಾಗ ಪ್ರೊಜೆಕ್ಟರಿನ ಬಳಿ ‘ಸೋರ್ಸ್’ ಎಂಬ ಅಕ್ಷರ ನನ್ನನ್ನೇ ನೋಡುತ್ತಿತ್ತು. ತಿರುಗಿಸಿ ಹಾಕಲು ಎರಡು ದಿನ, ಬಣ್ಣದವರಿಗೆ ಮತ್ತೊಮ್ಮೆ ಕೂಲಿ. ಈಗ ಪೈಪಿಗೆ ಹಾಕುವ ಮುನ್ನ ಕೇಬಲ್ಲನ್ನು ನೆಲದ ಮೇಲೆ ಬಿಡಿಸಿ, ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರಿಗೆ ಸಿಕ್ಕಿಸಿ ಹತ್ತು ನಿಮಿಷ ಚಿತ್ರ ಓಡಿಸಿ ನೋಡುತ್ತೇನೆ. ಪ್ರೊಜೆಕ್ಟರಿನ ತುದಿಗೆ ಕೆಂಪು ಟೇಪು, ಲ್ಯಾಪ್‌ಟಾಪಿನದಕ್ಕೆ ಹಸಿರು.

ಇನ್ನೊಂದು ತೊಡಕು: ತುದಿಯ ಚಿಪ್‌ಗಳು ಎಚ್‌ಡಿಎಂಐ ಪೋರ್ಟಿನ 5 ವೋಲ್ಟಿನಿಂದಲೇ ಬದುಕಬೇಕು. ಲ್ಯಾಪ್‌ಟಾಪ್ ಕೊಡಲೇಬೇಕಾದದ್ದು ಬರೀ 55 ಮಿಲಿಆಂಪಿಯರ್. ಯುಎಸ್‌ಬಿ-ಸಿ ಪೋರ್ಟಿಗೆ ಅಗ್ಗದ ಪರಿವರ್ತಕ ಸಿಕ್ಕಿಸಿ ಅದಕ್ಕೆ ಈ ಕೇಬಲ್ ಹಾಕಿದರೆ ಕೆಲವೊಮ್ಮೆ ಬೆಳಕೇ ಹುಟ್ಟುವುದಿಲ್ಲ. ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಚಿಕ್ಕ ಬಾಲವಿರುವ ಕೇಬಲ್ ಸಿಕ್ಕರೆ ಅದನ್ನೇ ಆರಿಸಿ.

ಟಿವಿ ವಾಹಿನಿಗಳವರ ಎಸ್‌ಡಿಐ ಎಂಬ ಮೂರನೆಯ ದಾರಿಯೂ ಇದೆ. 75 ಓಮ್‌ನ ಒಂದೇ ಕೋಆಕ್ಸಿಯಲ್ ಕೇಬಲ್, ತಿರುಗಿಸಿ ಬಿಗಿಯುವ ಬಿಎನ್‌ಸಿ ತುದಿ, ಯಾರಾದರೂ ಎಡವಿದರೂ ಕಳಚುವುದಿಲ್ಲ. ಕ್ಯಾಮೆರಾ ಬಳಸುವ ಜಾಗದಲ್ಲಿ ಇದಕ್ಕೆ ಸಾಟಿಯಿಲ್ಲ. ಬರೀ ಲ್ಯಾಪ್‌ಟಾಪಿಗಾಗಿ ಎರಡು ಪರಿವರ್ತಕ ಕೊಳ್ಳುವುದು ನನಗೆ ಹೆಚ್ಚೆನಿಸುತ್ತದೆ.

ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ತರುವ ಎಲ್‌ಇಡಿ ಗೋಡೆಯ ಕಥೆ ಬೇರೆ. ಅಲ್ಲಿ ಪ್ರೊಸೆಸರ್ ಡಬ್ಬಿಯಿಂದ ಗೋಡೆಯ ಹಲಗೆಗಳಿಗೆ ಹೋಗುವುದೇ ಜಾಲದ ಕೇಬಲ್, ಅದು ನೂರು ಮೀಟರ್‌ವರೆಗೂ ಸಾಗುತ್ತದೆ. ಆದ್ದರಿಂದ ಪ್ರೊಸೆಸರನ್ನು ಗೋಡೆಯ ಹಿಂದೆ ಇಟ್ಟು ಉದ್ದದ ಎಚ್‌ಡಿಎಂಐ ಎಳೆಯಬೇಡಿ. ಪ್ರೊಸೆಸರ್ ಲ್ಯಾಪ್‌ಟಾಪಿನ ಪಕ್ಕದಲ್ಲಿರಲಿ, ಎಚ್‌ಡಿಎಂಐ ಒಂದೂವರೆ ಮೀಟರ್ ಇರಲಿ.

ಪೈಪಿಗೆ ಜಿಪುಣತನ ಬೇಡ

ಕೇಬಲ್ಲಿಗಿಂತ ಪೈಪಿನ ಬಗ್ಗೆ ನನಗೆ ಹಟ ಹೆಚ್ಚು. 1987ರಲ್ಲಿ ಬಂದ ವಿಜಿಎ ಹೋಯಿತು, 2002ರ ಕೊನೆಗೆ ಎಚ್‌ಡಿಎಂಐ ಬಂತು, ಅದರ ಆವೃತ್ತಿಗಳೇ ಹಲವಾದವು. ಗೋಡೆಯೊಳಗಿನ ಪೈಪ್ ಮಾತ್ರ ಅದೇ. ದೀಪದ ವೈರಿಂಗಿಗೆ ಹಾಕುವ 20 ಅಥವಾ 25 ಮಿಲಿಮೀಟರ್ ಪೈಪಿನಲ್ಲಿ ಎಚ್‌ಡಿಎಂಐ ಪ್ಲಗ್ ನೇರಕ್ಕೆ ಹೋದರೂ ಮೊದಲ ಎಲ್ಬೋದಲ್ಲಿ ಸಿಕ್ಕಿಕೊಳ್ಳುತ್ತದೆ. ಕನಿಷ್ಠ 40 ಮಿಲಿಮೀಟರ್, ಸಾಧ್ಯವಾದರೆ 50 ಮಿಲಿಮೀಟರ್ ಪೈಪ್ ಹಾಕಿಸಿ. ತಿರುವುಗಳಲ್ಲಿ ಚೂಪಾದ ಎಲ್ಬೋ ಬದಲು ಉದ್ದನೆಯ ಬೆಂಡ್ ಕೇಳಿ. ಎರಡು ತಿರುವಿಗೊಂದು ಮುಚ್ಚಳವಿರುವ ಜಂಕ್ಷನ್ ಬಾಕ್ಸ್ ಇರಲಿ.

230 ವೋಲ್ಟಿನ ವೈರಿಗೂ ಇದಕ್ಕೂ ಒಂದೇ ಪೈಪ್ ಆಗದು. ಅಕ್ಕಪಕ್ಕ ಓಡಿಸುವುದಾದರೆ ಒಂದಡಿ ಅಂತರ ಬಿಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ಎಳೆಯುವಾಗ ಇಬ್ಬರು ಬೇಕು, ಒಬ್ಬ ತಳ್ಳಲು, ಒಬ್ಬ ಎಳೆಯಲು. ಪ್ಲಗ್ಗಿಗೆ ಹಗ್ಗ ಕಟ್ಟಿ ಎಳೆಯಬಾರದು. ಪ್ಲಗ್ಗಿನಿಂದ ಒಂದಡಿ ಹಿಂದೆ ಕೇಬಲ್ಲಿನ ಮೈಗೆ ಟೇಪು ಸುತ್ತಿ, ಅಲ್ಲಿ ಪೈಪಿನೊಳಗೆ ಹಾಯಿಸಿದ ಸ್ಪ್ರಿಂಗ್ ವೈರನ್ನು ಬಿಗಿಯಿರಿ. ಆಪ್ಟಿಕಲ್ ಕೇಬಲ್ಲನ್ನು ಮಡಚಿ ಸುರುಳಿ ಕಟ್ಟಬೇಡಿ. ಉಳಿದ ಉದ್ದವನ್ನು ಊಟದ ತಟ್ಟೆಯಷ್ಟು ಅಗಲದ ವೃತ್ತವಾಗಿ ಸುತ್ತಿಡಿ.

ಕ್ಯಾಟ್-6 ಎಳೆಯುವವರಿಗೆ ಎರಡು ಮಾತು

ಮೊದಲು ತಂತಿ ಶುದ್ಧ ತಾಮ್ರವೇ ಎಂದು ಪರೀಕ್ಷಿಸಿ. ಪೇಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಧಾರಾಳವಾಗಿ ಸಿಗುತ್ತದೆ. ಒಂದು ಎಳೆಯನ್ನು ಸುಲಿದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಂಗಡಿಗೆ ಹಿಂತಿರುಗಿಸಿ. ನಾಲ್ಕಾರು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಪಟ್ಟನೆ ಮುರಿಯುವುದೂ ಅದರ ಗುರುತು. ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆಯಾಗಿರಬೇಕು, ಸಣ್ಣ ಎಳೆಗಳ ಹುರಿಯಲ್ಲ.

ತುದಿ ಕ್ರಿಂಪ್ ಮಾಡುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೆಣೆದ ಜೋಡಿಯನ್ನು ಪ್ಲಗ್ಗಿನ ಬಾಯಿಯವರೆಗೂ ಹೆಣೆದಂತೆಯೇ ಉಳಿಸಿ. ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ನಡುವೆ ಜೋಡಣೆ ಬೇಡ. ಇದನ್ನು ಕಂಪ್ಯೂಟರ್ ಜಾಲದ ಸ್ವಿಚ್ಚಿಗೆ ಸಿಕ್ಕಿಸಬಾರದು, ಪ್ಲಗ್ ಒಂದೇ ತರಹ ಕಂಡರೂ ಎಚ್‌ಡಿಬೇಸ್‌ಟಿ ಮಾತನಾಡುವ ಭಾಷೆ ಬೇರೆ. ಕೆಲವು ಡಬ್ಬಿಗಳು ಕೇಬಲ್ಲಿನ ಮೇಲೆಯೇ ವಿದ್ಯುತ್ತನ್ನೂ ಕಳುಹಿಸುವುದರಿಂದ ಉಪಕರಣ ಸುಟ್ಟುಹೋಗಲೂಬಹುದು. ಪ್ಲಗ್ಗಿನ ಬಳಿ ‘ಪ್ರೊಜೆಕ್ಟರಿಗೆ ಮಾತ್ರ’ ಎಂದು ಚೀಟಿ ಅಂಟಿಸಿ.

ಸಿಡಿಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೂವತ್ತು ಮೀಟರಿನ ತಾಮ್ರ ಒಳ್ಳೆಯ ಆಂಟೆನಾ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯಲೇಬೇಡಿ, ಅಲ್ಲಿ ಪೂರ್ತಿ ಫೈಬರ್ ಹಾಕಿ. ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಎರಡಕ್ಕೂ ಒಂದೇ ಫೇಸ್, ಒಂದೇ ಅರ್ಥಿಂಗ್ ಸಿಗುವಂತೆ ನೋಡಿಕೊಳ್ಳಿ. ಪ್ಲಗ್ ಹಿಡಿದಾಗ ಕೈ ಜುಂ ಎಂದರೆ ಅರ್ಥಿಂಗ್ ಸರಿಪಡಿಸಿ. ಪ್ಲಗ್ಗಿನ ದಪ್ಪ ಪಿನ್ನು ಕಿತ್ತೆಸೆಯುವುದು ಪರಿಹಾರವಲ್ಲ.

ಚಿತ್ರ ಬರಲಿಲ್ಲ, ಈಗ?

ಕೇಬಲ್ ಸಿಕ್ಕಿಸಿದೊಡನೆ ಚಿತ್ರ ಹೊರಡುವುದಿಲ್ಲ. ಮೊದಲು ಪ್ರೊಜೆಕ್ಟರ್ ತನ್ನ ಜಾತಕ ಕೊಡಬೇಕು: ನಾನು ಇಂಥವನು, ಇಂತಿಷ್ಟು ರೆಸಲ್ಯೂಷನ್ ತೋರಿಸಬಲ್ಲೆ ಎಂದು. ಇದಕ್ಕೆ ಇಡಿಐಡಿ ಎನ್ನುತ್ತಾರೆ. ಇದು ಚಿತ್ರದ ಜೋಡಿಗಳಲ್ಲಿ ಬರುವುದಿಲ್ಲ, ಪಕ್ಕದ ಬೇರೆ ಎರಡು ಸಣ್ಣ ತಂತಿಗಳಲ್ಲಿ ನಿಧಾನವಾಗಿ ಬರುತ್ತದೆ. ಉದ್ದ ಹೆಚ್ಚಾದರೆ ಆ ತಂತಿಗಳೂ ಸೋಲುತ್ತವೆ. ಆಗ ಲ್ಯಾಪ್‌ಟಾಪಿಗೆ ಪರದೆ ಇರುವುದೇ ಗೊತ್ತಾಗುವುದಿಲ್ಲ, ಇಲ್ಲವೇ ಗೊತ್ತಾದರೂ 1024×768ಕ್ಕೆ ಇಳಿದು ಕೂರುತ್ತದೆ.

ಹಾಗಾಗಿ ತಪಾಸಣೆ ಈ ಕ್ರಮದಲ್ಲಿ ನಡೆಯಲಿ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಎರಡನೆಯ ಪರದೆಯ ಹೆಸರು ಕಾಣುತ್ತದೆಯೇ ನೋಡಿ. ಹೆಸರೇ ಇಲ್ಲದಿದ್ದರೆ ತೊಂದರೆ ಜಾತಕದ ತಂತಿಯಲ್ಲಿ, 5 ವೋಲ್ಟಿನಲ್ಲಿ ಅಥವಾ ಪರಿವರ್ತಕದಲ್ಲಿ. ಪ್ರೊಜೆಕ್ಟರನ್ನು ಮೊದಲು ಚಾಲೂ ಮಾಡಿ, ಸರಿಯಾದ ಇನ್‌ಪುಟ್ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ಸಿಕ್ಕಿಸಿ. ಆಗಲೂ ಇಲ್ಲದಿದ್ದರೆ ಜಾತಕವನ್ನು ನೆನಪಿಟ್ಟುಕೊಂಡು ಲ್ಯಾಪ್‌ಟಾಪಿನ ಬಳಿಯೇ ನಿಂತು ಒಪ್ಪಿಸುವ ಇಡಿಐಡಿ ಎಮ್ಯುಲೇಟರ್ ಎಂಬ ಹೆಬ್ಬೆರಳು ಗಾತ್ರದ ಸಾಧನ ಸಿಗುತ್ತದೆ.

ಹೆಸರು ಕಾಣುತ್ತದೆ, ಚಿತ್ರ ಮಾತ್ರ ಇಲ್ಲ ಅಥವಾ ಚುಕ್ಕೆಗಳು ಮಿನುಗುತ್ತಿವೆ ಎಂದರೆ ರೆಸಲ್ಯೂಷನ್ನನ್ನು 1280×720ಕ್ಕೆ ಇಳಿಸಿ. 1080ಪಿಗಿಂತ ಅದಕ್ಕೆ ಬೇಕಾದ ವೇಗ ಸರಿಯಾಗಿ ಅರ್ಧ. ಚಿತ್ರ ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ, ಕೇಬಲ್ ಸಾಲದು. 1080ಪಿಯನ್ನು 30 ಹರ್ಟ್ಸಿಗೆ ಇಳಿಸಿದರೂ ವೇಗ ಅರ್ಧವಾಗುತ್ತದೆ. ಕಾರ್ಯಕ್ರಮ ಶುರುವಾಗಲು ಹತ್ತು ನಿಮಿಷ ಇರುವಾಗ ಇದೇ ತಾತ್ಕಾಲಿಕ ಮದ್ದು; ಸ್ಲೈಡುಗಳಿಗೆ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಸ್ಲೈಡು ಬರುತ್ತದೆ, ಸಿನಿಮಾ ಹಾಕಿದರೆ ಮಾತ್ರ ಕಪ್ಪು ಎಂದಾದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ. ದಾರಿಯಲ್ಲಿರುವ ಯಾವುದೋ ಡಬ್ಬಿ ಅದನ್ನು ಒಪ್ಪುತ್ತಿಲ್ಲ.

ಚಿತ್ರ ಬಂದೊಡನೆ ಧ್ವನಿ ಮಾಯವಾಗುವುದು ಮಾಮೂಲು. ಲ್ಯಾಪ್‌ಟಾಪ್ ಧ್ವನಿಯನ್ನೂ ಎಚ್‌ಡಿಎಂಐ ಮೂಲಕ ಸೂರಿನ ಪ್ರೊಜೆಕ್ಟರಿಗೆ ಕಳುಹಿಸಿಬಿಟ್ಟಿರುತ್ತದೆ, ಆಂಪ್ಲಿಫೈಯರ್ ಮಾತ್ರ ವೇದಿಕೆಯ ಪಕ್ಕದಲ್ಲಿರುತ್ತದೆ. ಧ್ವನಿಯ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರನ್ನು ಆರಿಸಿ, ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ವೈರ್ ಕೊಡಿ.

ಹಳೆಯ ವಿಜಿಎ ಇನ್ನೂ ಇದ್ದರೆ

ಹಳೆಯ ಪ್ರೊಜೆಕ್ಟರ್, ಹಳೆಯ ವಿಜಿಎ ಕೇಬಲ್ ಇರುವ ಕಡೆ ಅಕ್ಷರಗಳ ಬಲಕ್ಕೆ ನೆರಳು ಬಿದ್ದರೆ ಅದು ಕೇಬಲ್ಲಿನ ತುದಿಯಲ್ಲಿ ಸಂಕೇತ ಪುಟಿದು ಹಿಂತಿರುಗುವುದರ ಗುರುತು. ಪ್ರತಿ ಬಣ್ಣಕ್ಕೂ ಪ್ರತ್ಯೇಕ 75 ಓಮ್ ಕೋಆಕ್ಸ್ ಇರುವ ದಪ್ಪ ಕೇಬಲ್ ಹಾಕಿದರೆ ಹೋಗುತ್ತದೆ. ಕ್ಯಾಟ್-6 ಮೇಲೆ ವಿಜಿಎ ಕಳುಹಿಸುವ ಡಬ್ಬಿಗಳಲ್ಲಿ ಬೇರೊಂದು ತಮಾಷೆ. ಜೋಡಿಗಳ ಹೆಣಿಗೆಯ ಬಿಗಿ ಬೇರೆ ಬೇರೆ ಇರುವುದರಿಂದ ಒಂದು ಜೋಡಿ ಇನ್ನೊಂದಕ್ಕಿಂತ ಉದ್ದ; ನೂರು ಮೀಟರಿಗೆ 45 ನ್ಯಾನೊಸೆಕೆಂಡ್‌ವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. 1024×768 ಚಿತ್ರದ ಒಂದು ಪಿಕ್ಸೆಲ್ ಸುಮಾರು 15 ನ್ಯಾನೊಸೆಕೆಂಡ್. ಮೂವತ್ತು ಮೀಟರಿನ ಕೊನೆಗೆ ಕೆಂಪು ಹೆಚ್ಚುಕಡಿಮೆ ಒಂದು ಪಿಕ್ಸೆಲ್ ತಡವಾಗಿ ಬಂದರೆ ಕಪ್ಪು ಅಕ್ಷರದ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ. ಆ ತಡವನ್ನು ಸರಿದೂಗಿಸುವ ತಿರುಪು ಇರುವ ಡಬ್ಬಿಗಳಿವೆ. ಆದರೂ ಈಗ ಅದಕ್ಕೆ ಹಣ ಹಾಕುವ ಬದಲು ಎಚ್‌ಡಿಎಂಐ ಇರುವ ಪ್ರೊಜೆಕ್ಟರಿಗೆ ಕೂಡಿಡಿ ಎನ್ನುತ್ತೇನೆ.

ಬಿಟ್ಟು ಬರುವ ಮುನ್ನ

ಗೋಡೆಯ ಪಟ್ಟಿಕೆಯ ಮೇಲೆ ಕೇಬಲ್ ಯಾವ ಬಗೆಯದು, ಎಷ್ಟು ಮೀಟರ್, ಯಾವ ತಿಂಗಳು ಎಳೆದದ್ದು ಎಂದು ಬರೆಯಿರಿ. ದಿನವೂ ಕಿತ್ತು ಸಿಕ್ಕಿಸುವ ಏಟು ಉದ್ದದ ಕೇಬಲ್ಲಿಗೆ ಬೀಳದಿರಲಿ; ಮೇಜಿನ ಬಳಿ ಗೋಡೆಗೆ ಒಂದು ಸಾಕೆಟ್ ಕೂರಿಸಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಒಂದು ಮೀಟರಿನ ಚಿಕ್ಕ ಕೇಬಲ್ ಕೊಡಿ. ಸವೆಯುವುದು ಅದು, ಬದಲಿಸುವುದೂ ಅದನ್ನೇ. ಅಂಥದೇ ಇನ್ನೊಂದು ಚಿಕ್ಕ ಕೇಬಲ್ಲನ್ನೂ ಯುಎಸ್‌ಬಿ-ಸಿ ಪರಿವರ್ತಕವನ್ನೂ ಮೇಜಿನ ಡ್ರಾಯರಿನಲ್ಲಿಡಿ. ಕೇಬಲ್ ಎಳೆಯುವಾಗ ಅದರ ಜೊತೆಗೇ ಒಂದು ನೈಲಾನ್ ದಾರವನ್ನೂ ಎಳೆದು, ಎರಡು ತುದಿಗಳನ್ನೂ ಜಂಕ್ಷನ್ ಬಾಕ್ಸಿನ ಮೊಳೆಗೆ ಕಟ್ಟಿ ಬನ್ನಿ. ಆರು ವರ್ಷದ ಮೇಲೆ ಹೊಸ ಕೇಬಲ್ ಹಿಡಿದು ಬರುವವನು ನೀವೇ ಆಗಿರಬಹುದು.